ಒಲೆ ಊದಿದ ಹಾಗೆ ಊದಿ

ಹೃದಯ ಮತ್ತು ಶ್ವಾಸಕೋಶದ ಪರೀಕ್ಷೆ ಮಾಡುವುದನ್ನು ಕಲಿಯಲು ಬಂದ ಹೊಸಬರಿಗಾಗಿ ಕೊಪ್ಪಳದ ಒಂದು ತರಬೇತಿ ಸಂಸ್ಥೆಯವರು ಎರಡು ಹಾಳೆಯ ಪದಪಟ್ಟಿ ತಯಾರಿಸಿದ್ದರು. ನಾನು ಹಳಬಳು ಎಂಬ ಕಾರಣಕ್ಕೆ ಒಮ್ಮೆ ಕಣ್ಣಾಡಿಸಿ ಕೊಡಿ ಎಂದು ನನಗೆ ಕಳಿಸಿದರು. ಕಣ್ಣಾಡಿಸಿದೆ. ಪದ, ಅದರ ಎದುರು ಅರ್ಥ, ಎಲ್ಲ ಅಚ್ಚುಕಟ್ಟಾಗಿತ್ತು. ಆದರೆ ಕೊನೆಯ ಸಾಲಿನ ಮೇಲೆ ಕೆಂಪು ಪೆನ್ನಿನಿಂದ ಅಡ್ಡಗೀಟು ಎಳೆದು ವಾಪಸು ಕಳಿಸಿದೆ. ಆ ಸಾಲು, ‘ರೋಗಿ ಸಹಕರಿಸಲಿಲ್ಲ: ಪರೀಕ್ಷೆ ಸರಿಯಾಗಿ ಬಾರದಿದ್ದಾಗ ವರದಿಯಲ್ಲಿ ಬರೆಯುವ ಷರಾ’ ಎಂದಿತ್ತು.

ಮಾರನೆಯ ದಿನವೇ ಸಂಸ್ಥೆಯ ಮೇಷ್ಟ್ರು ಫೋನ್ ಮಾಡಿದರು.

“ಅಮ್ಮಾರ, ಅದು ಎಲ್ಲಾ ಪುಸ್ತಕದಾಗ ಐತ್ರಿ. ತಗಿಯಾಕ ಬರಂಗಿಲ್ಲ.”

“ಪುಸ್ತಕದಾಗ ಇರ್ಲಿ. ನನ್ನ ಕೈಯಿಂದ ಹೋಗೂ ಹಾಳಿಯಾಗ ಇರಂಗಿಲ್ಲ.”

“ಹಂಗಂದ್ರ ಹೆಂಗ್ರಿ? ಕಾರಣರ ಹೇಳ್ರಿ.”

ಫೋನಿನಲ್ಲಿ ಹೇಳಿ ಮುಗಿಯುವ ಕಾರಣ ಅಲ್ಲ ಅದು. ಬರೆದೇ ಕೊಡುತ್ತೇನೆ ಎಂದೆ. ಇದೇ ಅದು. ಮೇಷ್ಟ್ರು ಸಿಟ್ಟಾದರೆ ಆಗಲಿ, ನಾನು ಬರೆಯುತ್ತಿರುವುದು ಅವರ ಹುಡುಗಿಯರಿಗೆ ಮತ್ತು ಹುಡುಗರಿಗೆ.

ನನ್ನ ಹೆಸರು ಗೌರಮ್ಮ, ಊರು ಕುಷ್ಟಗಿ. ಗಂಗಾವತಿಯ ಒಂದು ದವಾಖಾನೆಯಲ್ಲಿ ತಂತ್ರಜ್ಞೆಯಾಗಿ ಸೇರಿದೆ, ಯಲಬುರ್ಗಾದಲ್ಲಿ ನಿವೃತ್ತಳಾದೆ. ನಡುವೆ ಯಾವ ಬಡ್ತಿ ಸಿಕ್ಕಿತು, ಯಾವುದು ಕೈತಪ್ಪಿತು ಎಂಬ ಪುರಾಣ ಹೇಳುವುದು ನನಗೂ ಬೇಸರ, ಕೇಳುವುದು ನಿಮಗೂ ಬೇಸರ.

ನಾನು ಸೇರಿದಾಗ ಇಸಿಜಿ ಕೋಣೆಯಲ್ಲಿ ಗಂಡಸರೇ ಇದ್ದರು. ಎದೆಯ ಮೇಲೆ ಆರು ಕಡೆ ರಬ್ಬರ್ ಬುಗ್ಗೆ ಅಂಟಿಸಬೇಕು, ಒಂದೊಂದಕ್ಕೂ ಎಲುಬು ಎಣಿಸಿ ಗೊತ್ತು ಮಾಡಿದ ಜಾಗವಿದೆ. ಹೆಂಗಸರು ಬಂದರೆ ನಮ್ಮ ಗಂಡಸರು ಗೋಡೆ ನೋಡಿಕೊಂಡು, ಸೆರಗಿನಡಿ ಕೈಗೆ ಸಿಕ್ಕಲ್ಲಿ ಅಂಟಿಸಿ ಗುಂಡಿ ಒತ್ತುತ್ತಿದ್ದರು. ಪಟ್ಟಿಯಲ್ಲಿ ‘ಲೀಡ್’ ಎಂಬ ಪದ ಇದೆಯಲ್ಲ, ಅದನ್ನು ತಂತಿ ಎಂದು ತಿಳಿಯಬೇಡಿ. ಲೀಡ್ ಎಂದರೆ ಹೃದಯವನ್ನು ಒಂದು ದಿಕ್ಕಿನಿಂದ ನೋಡುವ ನೋಟ. ತಂತಿ ಹತ್ತು, ನೋಟ ಹನ್ನೆರಡು. ಬುಗ್ಗೆ ಎರಡು ಬೆರಳು ಮೇಲೆ ಹೋಯಿತೆಂದರೆ ಗೆರೆ ಬೇರೆಯದೇ ಕತೆ ಹೇಳುತ್ತದೆ. ಹಾಗೆ ಎಷ್ಟು ಜನ ಹೆಂಗಸರ ಹೃದಯದ ಬಗ್ಗೆ ಸುಳ್ಳು ಕತೆ ಬರೆದಿದ್ದರೋ ದೇವರಿಗೇ ಗೊತ್ತು. ಹೆಂಗಸರಿಗೆ ಹೆಂಗಸೇ ಇರಲಿ ಎಂದು ನನ್ನನ್ನು ತಂದು ಅಲ್ಲಿ ನಿಲ್ಲಿಸಿದರು.

ಮೊದಲ ವಾರದಲ್ಲೇ ಹುಲಿಹೈದರದಿಂದ ಹೊಸದಾಗಿ ಮದುವೆಯಾದ ಒಬ್ಬಳು ಬಂದಳು. ಎರಡೂ ಕೈತುಂಬ ಹಸಿರು ಗಾಜಿನ ಬಳೆ. ಮಣಿಕಟ್ಟಿಗೆ ಕ್ಲಿಪ್ಪು ಹಾಕಬೇಕಲ್ಲ, ನಾನು ದರ್ಪದಿಂದ, “ಬಳಿ ತಗದಿಡು” ಎಂದೆ. ಅವಳು ಬಳೆಯನ್ನೂ ನೋಡಿದಳು, ನನ್ನ ಮುಖವನ್ನೂ ನೋಡಿದಳು. ಗಂಡ ಇರುವವಳಿಗೆ ಬಳೆ ತೆಗೆ ಎನ್ನುವುದೆಂದರೆ ಏನೆಂದು ನಾನೇನು ಪರದೇಶದಿಂದ ಬಂದವಳೇ, ತಿಳಿಯದೆ ಇರಲು? ಆದರೆ ಮೈಮೇಲೆ ಬಿಳಿ ಕೋಟು ಬಂದ ಕೂಡಲೇ ಎಲ್ಲ ಮರೆತುಹೋಗಿತ್ತು. ಅವಳ ಕೈ ನಡುಗಿತು. ಕಾಗದದ ತುಂಬ ಮುಳ್ಳುಮುಳ್ಳು ಗೆರೆ ಬಂತು. ಪಟ್ಟಿಯಲ್ಲಿ ಅದನ್ನು ‘ಆರ್ಟಿಫ್ಯಾಕ್ಟ್’ ಎಂದಿದ್ದಾರೆ, ಹೃದಯದ್ದಲ್ಲದ ಗೆರೆ. ಆ ದಿನದ ಮುಳ್ಳುಗಳು ಹೃದಯದವಲ್ಲ, ನನ್ನ ಬಾಯಿಯವು. ಆಮೇಲೆ ಬಳೆಗಳನ್ನು ಮೊಣಕೈವರೆಗೆ ಸರಿಸಿ ಪಟ್ಟಿಬಟ್ಟೆ ಸುತ್ತಿ ನಿಲ್ಲಿಸಿದೆ. ಎರಡನೇ ಸಲ ಗೆರೆ ಶುದ್ಧವಾಗಿ ಬಂತು. ಅಂದಿನಿಂದ ನಿವೃತ್ತಿಯ ದಿನದವರೆಗೆ ನಾನು ಯಾರ ಬಳೆಯನ್ನೂ ತೆಗೆಸಲಿಲ್ಲ.

ಇನ್ನೊಂದು ಪ್ರಮಾದ ಹೇಳಿ ನಗಿಸುತ್ತೇನೆ. ಕಾರಟಗಿ ಕಡೆಯ ಕಿರಾಣಿ ವ್ಯಾಪಾರಿ ಬಸಣ್ಣ ಎದೆ ಉರಿ ಎಂದು ಬಂದಿದ್ದ. ಬಲಗೈಗೆ ಕೆಂಪು ತಂತಿ, ಎಡಗೈಗೆ ಹಳದಿ. ನಾನು ಯಾವುದೋ ಮಾತಿನ ಭರದಲ್ಲಿ ಅದಲು ಬದಲು ಹಾಕಿದೆ. ಮೊದಲ ನೋಟದ ಗೆರೆ ತಲೆಕೆಳಗಾಗಿ ಬಂತು. ಅವಸರದಲ್ಲಿದ್ದ ಡಾಕ್ಟರು ಅದನ್ನು ನೋಡಿ, “ಏ ಬಸಣ್ಣ, ನಿನ್ನ ಹೃದಯ ಬಲಗಡೆ ಐತೇನೋ!” ಎಂದುಬಿಟ್ಟರು. ಬಸಣ್ಣ ಅಂಗಡಿಗೆ ಹೋಗಿ ಗಿರಾಕಿಗಳಿಗೆಲ್ಲ ಅಂಗಿ ಗುಂಡಿ ಬಿಚ್ಚಿ ತೋರಿಸಿದನಂತೆ. ಎರಡು ದಿನದ ಮೇಲೆ ಕಾಗದವನ್ನು ಕಡತಕ್ಕೆ ಅಂಟಿಸುವಾಗ ನೋಡುತ್ತೇನೆ, ಎದೆಯ ಆರು ನೋಟಗಳೂ ಎಲ್ಲರ ಹಾಗೇ ಇವೆ! ಹೃದಯ ನಿಜವಾಗಿ ಬಲಕ್ಕಿದ್ದರೆ ಅವೂ ಬದಲಾಗಬೇಕಿತ್ತು. ಕರೆಸಿ, ತಪ್ಪು ನನ್ನದು, ಇನ್ನೊಮ್ಮೆ ತೆಗೆಯೋಣ ಎಂದೆ. ಬಸಣ್ಣ ಕೈಮುಗಿದ. “ಅಕ್ಕಾರ, ನಿಮ್ಮ ಕಾಗದದಾಗ ಎಡಕ್ಕ ಮಾಡ್ಕೋರಿ, ಬ್ಯಾಡನ್ನಂಗಿಲ್ಲ. ಊರಾಗ ಮಾತ್ರ ಬಲಕ್ಕ ಇರ್ಲಿ. ನಮ್ಮ ಬೀಗರು ಈಗ ನನಗ ಕುರ್ಚಿ ಹಾಕಾಕ ಹತ್ಯಾರ.”

ನಗು ಬರುತ್ತದೆ, ನಿಜ. ಆದರೆ ಇದನ್ನು ನೆನಪಿಡಿ: ಕಾಗದದಲ್ಲಿ ವಿಚಿತ್ರ ಕಂಡಾಗ ಮೊದಲು ರೋಗಿಯ ಮೈಯನ್ನು ಅನುಮಾನಿಸಬೇಡಿ, ನಿಮ್ಮ ಕೈಯನ್ನು ಅನುಮಾನಿಸಿ. ಇದನ್ನು ನಾನು ಬಸಣ್ಣನಿಂದ ಕಲಿತೆ. ಕಲಿತೂ ಮುಂದೆ ಮರೆತೆ. ಆ ಮರೆವಿನ ಕತೆಯೇ ಕೆಂಪು ಗೀಟಿನ ಕತೆ.

ಯಂತ್ರಗಳು ಬದಲಾದವು. ರಬ್ಬರ್ ಬುಗ್ಗೆ ಹೋಗಿ ಅಂಟಿಸುವ ಬಿಲ್ಲೆ ಬಂತು. ಒಂದೊಂದೇ ನೋಟ ತೆಗೆದು ಕತ್ತರಿಸಿ ಅಂಟಿಸುತ್ತಿದ್ದ ಕಾಲ ಹೋಗಿ ಹನ್ನೆರಡೂ ಒಟ್ಟಿಗೆ ಬಂದವು. ಕಾಗದದ ತುದಿಯಲ್ಲಿ ಯಂತ್ರವೇ ‘ನಾರ್ಮಲ್’ ಎಂದು ಬರೆಯತೊಡಗಿತು. ಕೊನೆಗೆ ಒಂದು ದಿನ ಶ್ವಾಸಕೋಶದ ಯಂತ್ರವೂ ಬಂತು. ಜನ ಅದಕ್ಕೆ ಇಟ್ಟ ಹೆಸರು ಊದೂ ಟೆಸ್ಟ್.

ಪಟ್ಟಿಯಲ್ಲಿ ಅದರ ಪದಗಳನ್ನು ಕಂಡು ನೀವು ಗಾಬರಿಯಾಗಬೇಡಿ. ಎಫ್‌ವಿಸಿ ಎಂದರೆ ಎದೆ ತುಂಬ ಉಸಿರೆಳೆದು, ಜೋರಾಗಿ, ಪೂರ್ತಿ ಖಾಲಿಯಾಗುವವರೆಗೆ ಊದಿದರೆ ಹೊರಬರುವ ಒಟ್ಟು ಗಾಳಿ. ಎಫ್‌ಇವಿ ಒನ್ ಎಂದರೆ ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಬಂದದ್ದು. ನೆಲ್ಲಿನ, ಅಂದರೆ ಭತ್ತದ, ಚೀಲ ತಲೆಕೆಳಗೆ ಮಾಡಿ ಹಿಡಿದಿದ್ದೀರಿ ಎಂದುಕೊಳ್ಳಿ. ಚೀಲದಲ್ಲಿ ಎಷ್ಟಿದೆ ಎಂಬುದು ಮೊದಲನೆಯ ಲೆಕ್ಕ, ಬಾಯಿ ಬಿಚ್ಚಿದ ಕೂಡಲೇ ಎಷ್ಟು ಸುರಿಯಿತು ಎಂಬುದು ಎರಡನೆಯದು. ಒಳಗೆ ನೆಲ್ಲಿದ್ದೂ ಸುರಿಯದಿದ್ದರೆ ಚೀಲದ ಬಾಯಿ ಬಿಗಿದಿದೆ ಎಂದರ್ಥ. ಉಸಿರಿನ ಕೊಳವೆ ಬಿಗಿದಿದೆ. ಇಷ್ಟೇ ವಿದ್ಯೆ. ಉಳಿದದ್ದೆಲ್ಲ ಊದಿಸುವವರ ಬಾಯಲ್ಲಿದೆ.

ಯಂತ್ರದ ಕಂಪನಿಯಿಂದ ಟೈ ಕಟ್ಟಿದವರೊಬ್ಬರು ಬಂದು ಅರ್ಧ ದಿನ ಕಲಿಸಿದರು. “ಕೇಕಿನ ಮೇಲಿನ ದೀಪ ಊದಿ ಆರಿಸಿದ ಹಾಗೆ ಊದಿ ಅಂತ ಹೇಳಿ, ಎಲ್ಲರಿಗೂ ಅರ್ಥವಾಗುತ್ತೆ” ಎಂದರು. ನಾನು ಗಿಣಿಯ ಹಾಗೆ ಕಲಿತೆ, ಬಂದವರಿಗೆಲ್ಲ ಅದನ್ನೇ ಒಪ್ಪಿಸಿದೆ. “ದೀಪ ಊದಿ ಆರಿಸಿದಂಗ ಊದ್ರಿ, ಜೋರ್, ಜೋರ್!” ಗಂಡಸರು ಊದಿದರು. ಹೆಂಗಸರು ಮಾತ್ರ ಕೊಳವೆ ಬಾಯಿಗಿಟ್ಟು, ಬಿಸಿ ಹಾಲಿನ ಮೇಲೆ ಊದಿದಂತೆ ಮೆಲ್ಲಗೆ ‘ಫೂ’ ಎಂದು ನಿಲ್ಲಿಸಿಬಿಡುತ್ತಿದ್ದರು. ನಾನು ಮೂರು ಸಲ ಕೂಗುತ್ತಿದ್ದೆ, ನಾಲ್ಕನೇ ಸಲಕ್ಕೆ ಸಿಟ್ಟು ಬರುತ್ತಿತ್ತು. ವರದಿಯ ಕೆಳಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ: ರೋಗಿ ಸಹಕರಿಸಲಿಲ್ಲ.

ಹುಲಿಗೆಮ್ಮನ ಮೊದಲ ವರದಿಯ ಕೆಳಗೂ ಅದನ್ನೇ ಬರೆದೆ.

ಹುಲಿಗೆಮ್ಮ ಮರಳಿ ಎಂಬ ಊರಿನವಳು. ಕಾರಟಗಿಯ ಒಂದು ರೈಸ್‌ಮಿಲ್ಲಿನಲ್ಲಿ ತೌಡಿನ ಕೋಣೆ ಗುಡಿಸುವ ಕೆಲಸ. ಮನೆ ನಡೆಯುವುದು ಅವಳ ಕೂಲಿಯಿಂದಲೇ. ಅಕ್ಕಿಗೆ ಪಾಲಿಶ್ ಹಿಡಿಯುವಾಗ ಹಾರುವ ತೌಡು ಆ ಕೋಣೆಯಲ್ಲಿ ಮಂಜಿನ ಹಾಗೆ ನಿಂತಿರುತ್ತದೆ. ಅವಳಿಗೆ ಮಾತಿನ ನಡುವೆ ಉಸಿರು ಕಟ್ಟುತ್ತಿತ್ತು. ತನ್ನನ್ನು ಹೊರಗಿನ ಶೆಡ್ಡಿಗೆ, ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಹಾಕಿರಿ ಎಂದು ಮಿಲ್ಲಿನ ಮೇಸ್ತ್ರಿಯನ್ನು ಕೇಳಿದ್ದಳು. ದವಾಖಾನೆಯ ಕಾಗದ ತಂದರೆ ನೋಡೋಣ ಎಂದಿದ್ದ ಅವನು. ಆ ಕಾಗದಕ್ಕಾಗಿ ನನ್ನ ಬಳಿ ಬಂದಿದ್ದಳು. ನಾನು ಕೊಟ್ಟದ್ದು ಆ ಷರಾ ಬರೆದ ಕಾಗದ.

ಎರಡು ತಿಂಗಳ ಮೇಲೆ ಮತ್ತೆ ಬಂದಳು. ಜೊತೆಗೆ ಕಾಲೇಜಿಗೆ ಹೋಗುವ ಮಗಳು. ಹುಲಿಗೆಮ್ಮ ಮಡಿಸಿದ ವರದಿ ಬಿಚ್ಚಿ ನನ್ನ ಮೇಜಿನ ಮೇಲೆ ಹರವಿದಳು. ಮಗಳು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

“ಇದನ್ನ ನೀವಽ ಬರದೀರೇನ್ರಿ ಅಕ್ಕಾರ?” ಎಂದಳು ಹುಲಿಗೆಮ್ಮ.

“ಹೌದು.”

“ಮೇಸ್ತ್ರಿ ಇದನ್ನ ಎಲ್ಲಾರ ಮುಂದ ಓದಿಸಿದ. ನಾಟಕ ಮಾಡ್ತಾಳ ಅಂತ ದವಾಖಾನಿಯವ್ರಽ ಬರದಾರ ಅಂದ. ತೌಡಿನ ಕ್ವಾಣ್ಯಾಗ ಆಗಲಿಲ್ಲಂದ್ರ ನಾಳಿಂದ ಬರಬ್ಯಾಡ ಅಂದಾನ.” ಉಸಿರು ಹಿಡಿದು ನಿಂತಳು, ಮತ್ತೆ ಹೇಳಿದಳು. “ನಾ ಏನ್ ಸಹಕರಿಸಲಿಲ್ಲ, ಹೇಳ್ರಿ. ನೀವು ಕುಂಡ್ರಂದ್ರಿ, ಕುಂತೆ. ಮೂಗ ಹಿಡೀತೀನಿ ಅಂದ್ರಿ, ಮೂಗುತಿ ಚುಚ್ಚಿದ್ರೂ ಸುಮ್ನಿದ್ದೆ. ಊದಂದ್ರಿ, ಊದಿದೆ.”

“ಜೋರಾಗಿ ಊದಲಿಲ್ಲ ನೀನು. ದೀಪ ಆರಿಸಿದಂಗ ಊದು ಅಂತ ಎಷ್ಟು ಸಲ ಹೇಳಿದೆ!”

ಹುಲಿಗೆಮ್ಮ ನನ್ನನ್ನು ಕನಿಕರದಿಂದ ನೋಡಿದಳು. “ದೀಪ ಯಾರರ ಊದಿ ಆರಸ್ತಾರೇನ್ರಿ ಅಕ್ಕಾರ? ನಿಮ್ಮ ಮನ್ಯಾಗ ಊದ್ತೀರೇನು?”

ನಮ್ಮ ಮನೆಯಲ್ಲಿ ದೀಪ ಆರಿಸುವುದು ಎಂಬ ಮಾತನ್ನೇ ಆಡುವುದಿಲ್ಲ, ಶಾಂತ ಮಾಡುವುದು ಎನ್ನುತ್ತೇವೆ. ಹೂವಿನಿಂದ ಬತ್ತಿ ಒತ್ತುತ್ತೇವೆ, ಇಲ್ಲವೇ ಕೈ ಬೀಸುತ್ತೇವೆ. ಎಂಜಲ ಬಾಯಿಯ ಗಾಳಿ ದೀಪಕ್ಕೆ ತಾಗಿದರೆ ನನ್ನ ಅವ್ವ ಬೆನ್ನಿಗೆ ಗುದ್ದುತ್ತಿದ್ದಳು. ಇಷ್ಟು ಗೊತ್ತಿದ್ದವಳು, ಕೇಕಿನ ಮುಖ ನೋಡದ ಹೆಂಗಸರಿಗೆಲ್ಲ ದೀಪ ಊದಿ ಆರಿಸಿ ಎಂದು ತಿಂಗಳುಗಟ್ಟಲೆ ಗದರಿದ್ದೆ. ಅವರು ಮನಸ್ಸಿನಲ್ಲಿ ಅಪಶಕುನ ಎಂದುಕೊಳ್ಳುತ್ತ, ನನಗೆ ಎದುರಾಡಲಾರದೆ, ಆರದ ಹಾಗೆ ಊದಿ ಹೋಗಿದ್ದರು. ನಾಚಿಕೆಯಿಂದ ನನಗೆ ಅಳುವೇ ಬಂತು. ಅಳಲಿಲ್ಲ, ಕೆಲಸವಿತ್ತು.

“ಮನ್ಯಾಗ ಒಲಿ ಐತೇನು?” ಎಂದು ಕೇಳಿದೆ.

“ಐತ್ರಿ.”

“ಕಟಿಗಿ ಹಸಿ ಅದಾವು. ಹೊಗಿ ಎದ್ದೈತಿ, ಕೆಂಡ ಹಿಡೀವಲ್ದು. ಮಿಲ್ಲಿಗೆ ಹೊತ್ತಾಗೈತಿ. ಊದಗೊಳವಿ ತಗೊಂಡು ಹೆಂಗ ಊದ್ತಿ?”

ಅವಳು ನಕ್ಕಳು. ಗಾಳಿ ಸೋರದಿರಲೆಂದು ಮೂಗಿಗೆ ಕ್ಲಿಪ್ಪು ಹಾಕುವುದನ್ನು ಬಿಟ್ಟು, ಮೂಗುತಿಗೆ ತಾಗದ ಹಾಗೆ ಮೆತ್ತನೆ ಬಟ್ಟೆಯಿಂದ ನಾನೇ ಹಿಡಿದೆ. ಕೊಳವೆ ಬಾಯಿಗಿಟ್ಟು ಎದೆ ತುಂಬ ಉಸಿರೆಳೆದು ಊದಿದಳು ನೋಡಿ, ನಾನು “ಇನ್ನೂ, ಇನ್ನೂ, ಕೆಂಡ ಹಿಡೀತು, ಬಿಡಬ್ಯಾಡ” ಎನ್ನುತ್ತಲೇ ಇದ್ದೆ, ಅವಳ ಕುತ್ತಿಗೆಯ ನರ ಉಬ್ಬಿದವು, ಕಣ್ಣಲ್ಲಿ ನೀರು ಬಂತು, ಎದೆ ಖಾಲಿಯಾಗುವವರೆಗೆ ಬಿಡಲಿಲ್ಲ. ಮೂರು ಸಲ ಊದಿಸಿದೆ. ಮೂರೂ ಗೆರೆ ಒಂದರ ಮೇಲೊಂದು ಕೂತವು. ಒಟ್ಟು ಗಾಳಿ ಸಾಕಷ್ಟಿತ್ತು, ಮೊದಲ ಸೆಕೆಂಡಿನದು ತೀರ ಕಡಿಮೆ. ಚೀಲದ ಬಾಯಿ ಬಿಗಿದಿತ್ತು. ಉಸಿರುಕೊಳವೆ ಸಡಿಲಿಸುವ ಔಷಧಿ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸಿದೆ. ಗೆರೆ ಎದ್ದು ನಿಂತಿತು. ಅಂದರೆ ಇದು ಗುಣಕ್ಕೆ ಬರುವ ಕಾಯಿಲೆ, ಔಷಧಿ ತೆಗೆದುಕೊಂಡು ತೌಡಿನಿಂದ ದೂರ ಇದ್ದರೆ.

ವರದಿ ಹಿಡಿದು ದೊಡ್ಡ ಡಾಕ್ಟರ ಬಳಿ ಹೋದೆ. ಕೆಟ್ಟವರಲ್ಲ ಅವರು. ಆದರೆ ಕಡತದಲ್ಲಿ ಎರಡು ಮಾತು ಇರಬಾರದು ಎಂಬ ಜಾತಿಯವರು.

“ಮೊದಲನೇದ್ರಾಗ ಸಹಕರಿಸಿಲ್ಲ ಅಂತೀರಿ, ಎರಡನೇದ್ರಾಗ ಕಾಯಿಲಿ ಅಂತೀರಿ. ಇದನ್ನೂ ಬೇಕಂತ ಕಡಿಮಿ ಊದಿದ್ರ?”

“ಬೇಕಂತ ಊದಿದ್ರ ಮೂರು ಸಲ ಒಂದಽ ನಮೂನಿ ಬರಂಗಿಲ್ರಿ ಸರ್. ನೀವಽ ಊದಿ ನೋಡ್ರಿ.”

ಅವರಿಗೆ ಕುತೂಹಲವೋ ರೋಷವೋ, ಎದ್ದು ಬಂದರು. ಕೂರಿಸಿ, ಕಂಪನಿಯವರು ಕಲಿಸಿದ ಮಾತನ್ನೇ ಬೇಕೆಂದೇ ಹೇಳಿದೆ. ದೊಡ್ಡ ಡಾಕ್ಟರು, ದಿನಾ ಪೂಜೆ ಮಾಡುವವರು, ಕೊಳವೆಗೆ ‘ಫೂ’ ಎಂದು ನಿಲ್ಲಿಸಿದರು. ಪರದೆಯ ಮೇಲೆ ‘ಮತ್ತೊಮ್ಮೆ ಪ್ರಯತ್ನಿಸಿ’ ಎಂದು ಬಂತು.

“ಸಹಕರಿಸಲಿಲ್ಲ ಅಂತ ಬರೀಲೇನ್ರಿ ಸರ್?” ಎಂದೆ.

ಅವರ ಮುಖ ಕೆಂಪಾಯಿತು. ಬಾಗಿಲಲ್ಲಿ ನಿಂತಿದ್ದ ಹುಲಿಗೆಮ್ಮ ಸೆರಗು ಬಾಯಿಗೆ ಹಿಡಿದಳು. ಡಾಕ್ಟರು ಎರಡನೇ ವರದಿಗೆ ಸಹಿ ಹಾಕಿದರು. ಹೋಗುವಾಗ ಮಾತ್ರ ತಿರುಗಿ, “ಮೊದಲನೇದು ಇದ್ದಂಗ ಇರ್ಲಿ. ಅದನ್ನ ಮುಟ್ಟಬ್ಯಾಡ್ರಿ” ಎಂದರು.

ನಾಲ್ಕನೇ ದಿನ ಹುಲಿಗೆಮ್ಮ ಮತ್ತೆ ಬಾಗಿಲಲ್ಲಿ. ಎರಡು ಕಾಗದ ಅದಾವ, ಮೊದಲು ಬಂದದ್ದು ಖರೇ, ಆಮ್ಯಾಲಿಂದು ಬೇಡಿ ತಂದದ್ದು ಎಂದಿದ್ದನಂತೆ ಮೇಸ್ತ್ರಿ. ಸೋಮವಾರ ತೌಡಿನ ಕೋಣೆಗೆ ಬರಬೇಕು, ಇಲ್ಲದಿದ್ದರೆ ಬೇರೆಯವಳು ಬರುತ್ತಾಳೆ.

“ನೀವು ಬರದದ್ದು ನಿಮ್ಮಿಂದಽ ಅಳಸಾಕ ಆಗಂಗಿಲ್ಲೇನ್ರಿ?” ಎಂದಳು.

ಮೊದಲ ವರದಿಯ ಕಚೇರಿ ಪ್ರತಿಯನ್ನು ಕಪಾಟಿನಿಂದ ತೆಗೆದೆ. ಅಳಿಸಲಿಲ್ಲ, ಅಳಿಸುವುದು ಕಳ್ಳರ ಕೆಲಸ. ಅದರ ಕೆಳಗೆ, ಈ ಸಲ ಕನ್ನಡದಲ್ಲಿ, ಯಾರು ಬೇಕಾದರೂ ಓದುವ ಹಾಗೆ ಬರೆದೆ: ‘ಮೇಲಿನ ಷರಾ ತಪ್ಪು. ಪರೀಕ್ಷೆ ಹೇಗೆ ಮಾಡಬೇಕೆಂದು ನಾನು ರೋಗಿಗೆ ಸರಿಯಾಗಿ ಹೇಳಲಿಲ್ಲ. ಸಹಕರಿಸದೆ ಇದ್ದವಳು ರೋಗಿಯಲ್ಲ, ತಂತ್ರಜ್ಞೆ.’ ಸಹಿ, ಹೆಸರು, ಮೊಹರು. ಅದರ ನಕಲನ್ನು ಹುಲಿಗೆಮ್ಮನ ಮಗಳ ಕೈಗೆ ಕೊಟ್ಟೆ. “ಇದನ್ನೂ ಎಲ್ಲಾರ ಮುಂದ ಓದವಾ, ಗಟ್ಟಿಯಾಗಿ ಓದು” ಎಂದೆ.

ಹುಲಿಗೆಮ್ಮ ಆ ಸೋಮವಾರ ಚೀಲ ಹೊಲಿಯುವ ಶೆಡ್ಡಿನಲ್ಲಿ ಕೂತಳು. ನನಗೆ ಅದೇ ವಾರ ಮೆಮೊ ಬಂತು. ಕಚೇರಿ ದಾಖಲೆ ತಿದ್ದಿದ್ದೇಕೆ, ಮೇಲಧಿಕಾರಿಯ ಮಾತು ಮೀರಿದ್ದೇಕೆ, ಮೂರು ದಿನದಲ್ಲಿ ಉತ್ತರಿಸಿ. ಮೂರು ದಿನ ಬೇಕಾಗಲಿಲ್ಲ. ‘ತಪ್ಪು ಬರೆದಾಗ ಯಾರೂ ಮೆಮೊ ಕೊಡಲಿಲ್ಲ. ಸರಿ ಬರೆದದ್ದಕ್ಕೆ ಕೊಟ್ಟಿದ್ದೀರಿ. ಮತ್ತೆ ತಪ್ಪಿದರೆ ಮತ್ತೆ ಹೀಗೇ ಬರೆಯುತ್ತೇನೆ’ ಎಂದು ಅಂದೇ ಸಂಜೆ ಕೊಟ್ಟೆ. ಯಲಬುರ್ಗಾಕ್ಕೆ ವರ್ಗವಾಯಿತು. ಶಿಕ್ಷೆಯಂತೆ! ಹೋಗುವಾಗ ಅವ್ವನ ಅಡುಗೆಮನೆಯ ಕಬ್ಬಿಣದ ಊದುಗೊಳವೆಯನ್ನೂ ಒಯ್ದು ಯಂತ್ರದ ಪಕ್ಕದಲ್ಲಿ ಇಟ್ಟುಕೊಂಡೆ. ತಪಾಸಣೆಗೆ ಬಂದವರು ಇದೇನು ಎಂದರೆ ಉಪಕರಣ ಎನ್ನುತ್ತಿದ್ದೆ. ಆ ಮೆಮೊ ಇವತ್ತಿಗೂ ನನ್ನ ಸೇವಾ ಪುಸ್ತಕದಲ್ಲಿದೆ. ನಿವೃತ್ತಿಯ ದಿನ ಗುಮಾಸ್ತರು ಅದನ್ನು ಮೆಲ್ಲಗೆ ತೆಗೆಯಲೇ ಎಂದು ಕೇಳಿದರು. ತೆಗೆದರೆ ನೋಡ್ರಿ ಎಂದು ಹೆದರಿಸಿದೆ. ನನ್ನ ಕೆಲಸದ ಬಗ್ಗೆ ಆ ಪುಸ್ತಕದಲ್ಲಿರುವ ನಿಜವಾದ ಮಾತು ಅದೊಂದೇ.

ನನಗೆ ಉಳಿದಿರುವ ಕೊರಗು ಬೇರೆ. ಹುಲಿಗೆಮ್ಮ ತಿರುಗಿ ಬಂದು ಕೇಳಿದಳು. ಬಾರದೆ ಹೋದವರು ಎಷ್ಟು ಜನ? ಅವರ ಕಾಗದಗಳ ಕೆಳಗೆ ನನ್ನ ಆ ಷರಾ ಹಾಗೇ ಇದೆ. ಹುಡುಕಿಸಿ ಕರೆಸಿದೆ, ಕೆಲವರು ಬಂದರು, ಎಲ್ಲರೂ ಸಿಗಲಿಲ್ಲ. ಅದಕ್ಕೇ ಮೇಷ್ಟ್ರೆ, ಗೀಟು ಹೊಡೆದದ್ದು. ಆ ಸಾಲು ಇರಲೇಬೇಕು ಎಂದಾದರೆ ಅದರ ಮುಂದೆ ಇನ್ನೊಂದು ಖಾಲಿ ಜಾಗ ಬಿಡಿ: ‘ರೋಗಿಗೆ ನಾನು ಹೇಳಿದ ಮಾತು ಇದು.’ ಅದನ್ನು ತುಂಬಿದ ಮೇಲೆ ಬರೆಯಲಿ, ಕೈ ಬಂದರೆ.

ಹುಲಿಗೆಮ್ಮ ಇಂದಿಗೂ ವರ್ಷಕ್ಕೊಮ್ಮೆ ಗಂಗಾವತಿಯ ಆ ದವಾಖಾನೆಗೆ ಪರೀಕ್ಷೆಗೆ ಹೋಗುತ್ತಾಳೆ. ಈ ಸಲ ನಾನೂ ಅವಳ ಜೊತೆ ಹೋಗಿದ್ದೆ. ಯಂತ್ರ ಹೊಸದು, ಊದಿಸುವ ಹುಡುಗಿಯೂ ಹೊಸಬಳು, ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಪರದೆಯ ಮೇಲೆ ಏನು ಬಂತು ಗೊತ್ತೇ? ಬಣ್ಣದ ಕೇಕು, ಅದರ ಮೇಲೆ ಉರಿಯುವ ಸಾಲು ದೀಪ. ಊದಿದಷ್ಟೂ ಆರುತ್ತವಂತೆ. ನನ್ನ ಮೈ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಹುಲಿಗೆಮ್ಮ ನನ್ನ ಮೊಣಕೈ ಒತ್ತಿ ಸುಮ್ಮನಿರಿಸಿ, ಕಣ್ಣು ಮುಚ್ಚಿಕೊಂಡಳು.

“ಅಮ್ಮಾ, ಕಣ್ಣು ಮುಚ್ಚಬ್ಯಾಡ್ರಿ, ದೀಪ ನೋಡ್ರಿ” ಎಂದಳು ಹುಡುಗಿ.

“ದೀಪ ನೀ ನೋಡವಾ. ನಾ ಒಲಿ ಊದ್ತೀನಿ.”

ಊದಿದಳು. ಎಲ್ಲ ದೀಪ ಆರಿ ಪರದೆ ಖಾಲಿಯಾದ ಮೇಲೂ ಊದುತ್ತಲೇ ಇದ್ದಳು. ಹುಡುಗಿ ಬೆರಗಾಗಿ ಏನೋ ಟೈಪು ಮಾಡಿದಳು.

“ಏನ್ ಬರದಿ? ಓದು,” ಎಂದಳು ಹುಲಿಗೆಮ್ಮ, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ.

“ರೋಗಿ ಚೆನ್ನಾಗಿ ಸಹಕರಿಸಿದರು ಅಂತ ಬರದೀನ್ರಿ.”

“ಛಲೋ ಆತು. ನೀ ಸಹಕರಿಸಿದ್ಯೋ ಇಲ್ಲೋ, ಅದನ್ನೂ ಬರಿ.”